ಬಿದ್ದವರ ವಕೀಲ

ಬೆಂಗಳೂರಿನಲ್ಲಿ ಬೀಳುವವರಿಗೆ ಯಾವ ಕಾಲಕ್ಕೂ ಬರವಿಲ್ಲ. ಸ್ಕೂಟರ್ ತಾಗಿ ಬೀಳುತ್ತಾರೆ, ಬಸ್ಸಿನ ಫುಟ್‌ಬೋರ್ಡಿನಿಂದ ಬೀಳುತ್ತಾರೆ, ಯಾರೋ ಅಗೆದು ಬಿಟ್ಟ ಗುಂಡಿಗೆ ಬೀಳುತ್ತಾರೆ. ಬರ ಇರುವುದು, ಕೋರ್ಟಿನಲ್ಲಿ ನಿಂತು 'ಇಂಥವರ ತಪ್ಪಿನಿಂದ ಬಿದ್ದೆ' ಎಂದು ನೆಟ್ಟಗೆ ಹೇಳುವವರಿಗೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಜಯನಗರದ ಒಂದು ಟೈಲರ್ ಅಂಗಡಿಯ ಮೇಲೆ ವಕೀಲಿ ಬೋರ್ಡು ಹಾಕಿಕೊಂಡು ಕೂತಿದ್ದೆ. ಸೈಟು, ಮನೆ, ಪಾಲು ಪಾರೀಕತ್ತಿನ ಕೇಸುಗಳೆಲ್ಲ ತಲೆ ನರೆತ ವಕೀಲರ ಪಾಲಾಗುತ್ತಿದ್ದವು. ನನ್ನ ಹತ್ತಿರ ಬರುತ್ತಿದ್ದವರು ಪರರ ಅಜಾಗರೂಕತೆಯಿಂದ ಕೈಕಾಲು ಮುರಿದುಕೊಂಡು ಪರಿಹಾರ ಕೇಳುವವರು. ಅದರಲ್ಲೂ ಒಂದು ತೊಂದರೆ ಇತ್ತು. ನನ್ನ ಆಫೀಸಿಗೆ ಬರಲು ಕಡಿದಾದ ಮೆಟ್ಟಿಲು ಹತ್ತಬೇಕು. "ಆ ಮಹಡಿ ಹತ್ತಿ ವಕೀಲರನ್ನ ಕಂಡೋರಿಗೆ ಕಾಲಿಗೇನಾಗಿದೆ ಸ್ವಾಮಿ?" ಎಂದು ಎದುರು ವಕೀಲರು ಜಡ್ಜನ್ನು ಕೇಳುತ್ತಿದ್ದರು.

ಆಗಲೇ ಗಿರಿನಗರಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿ ಕೇಸರಿಬಾತ್ ತಟ್ಟೆ ಕೈಗಿತ್ತು ಒಂದು ಸಲ ನಕ್ಕಳು. ನನಗೆ ಅಷ್ಟೇ ಸಾಕಾಯಿತು. ಅವಳ ತಂದೆಗೆ ಸಾಕಾಗಲಿಲ್ಲ. ಅವರು ರಿಟೈರಾದ ಹೆಡ್‌ಮಾಸ್ಟರು.

"ಇದುವರೆಗೂ ಎಷ್ಟು ಕೇಸು ಗೆದ್ದಿದ್ದೀರಿ?" ಎಂದು ಕೇಳಿದರು.

"ಈಗಿನ್ನೂ ಶುರು ಸಾರ್."

"ನೋಡಿ, ಪಾಸಾಗದೇ ಇರೋರನ್ನ ನಾನು ಮುಂದಿನ ಕ್ಲಾಸಿಗೆ ಕಳಿಸಿದೋನಲ್ಲ. ಒಂದು ಕೇಸು ಗೆದ್ದು ಬನ್ನಿ, ಲಗ್ನ ಇಡಿಸೋಣ. ಮಗಳ ಎಂ.ಎ. ಮುಗಿಯೋವರೆಗೂ ಕಾಯ್ತೀನಿ. ಆಮೇಲೆ ಜೆ.ಪಿ. ನಗರದ ಬ್ಯಾಂಕ್ ಆಫೀಸರ್ ಒಬ್ಬರು ಕೇಳ್ತಿದ್ದಾರೆ."

ಗೇಟು ಹಾಕಿಕೊಳ್ಳುವ ನೆಪದಲ್ಲಿ ಹುಡುಗಿ ಹೊರಗೆ ಬಂದಳು. "ಒಂದೇ ಒಂದು ಕೇಸಲ್ವಾ? ಬೇಗ ಗೆದ್ಕೊಂಡು ಬನ್ನಿ" ಎಂದಳು, ಅಂಗಡಿಯಿಂದ ಸಾಸಿವೆ ತರಲು ಹೇಳುವ ಹಾಗೆ.

ಎದುರು ಪಾರ್ಟಿ ಶನಿ

ಆ ಷರತ್ತಿನ ನಂತರದ ಮೊದಲ ಕೇಸು ಬಂತು. ನನಗಂತೂ ಛತ್ರ ಗೊತ್ತು ಮಾಡಿಬಿಡುವಷ್ಟು ಧೈರ್ಯ ಬಂತು. ಹನುಮಂತನಗರದಲ್ಲಿ ಗುಡ್ಡದ ಇಳಿಜಾರಿಗೆ ಒಂದು ದಿನಸಿ ಅಂಗಡಿ. ಬ್ರೇಕಿಲ್ಲದ ಸ್ಕೂಟರ್ ಒಂದು ಮೇಲಿನಿಂದ ಜಾರಿ ಬಂದು ಸೀದಾ ಅಂಗಡಿಯೊಳಗೆ ನುಗ್ಗಿ, ತೊಗರಿಬೇಳೆ ತೂಗುತ್ತಿದ್ದ ಯಜಮಾನರ ಭುಜದ ಮೂಳೆ ಮುರಿದಿತ್ತು. ಬ್ರೇಕ್ ಇರಲಿಲ್ಲ ಎಂದು ಪೊಲೀಸರೇ ಬರೆದಿದ್ದರು. ಸ್ಕೂಟರಿನವನು ತಪ್ಪು ಒಪ್ಪಿಕೊಂಡಿದ್ದ. ಸೋಲಬೇಕು ಎಂದರೂ ಸೋಲಲಾಗದ ಕೇಸು.

ವಾಹನ ಅಪಘಾತದ ಕೇಸು ನೋಡುವ ಕ್ಲೇಮ್ಸ್ ಟ್ರಿಬ್ಯುನಲ್ಲಿನಲ್ಲಿ ನನ್ನ ಕಕ್ಷಿದಾರರನ್ನು ಕಟಕಟೆಗೆ ಹತ್ತಿಸಿ ಗಂಭೀರವಾಗಿ ಕೇಳಿದೆ. "ಈ ಅಪಘಾತ ಯಾರ ತಪ್ಪಿನಿಂದ ಆಯ್ತು, ಕೋರ್ಟಿಗೆ ಹೇಳಿ."

"ತಪ್ಪು ಯಾರದೂ ಇಲ್ಲ ಸಾರ್. ನನಗೆ ಸಾಡೇಸಾತಿ ನಡೀತಿದೆ."

ನಾನು ಪೊಲೀಸರ ವರದಿಯನ್ನು ಎತ್ತಿ ತೋರಿಸಿದೆ. "ಅಲ್ಲ ಯಜಮಾನ್ರೇ, ಸ್ಕೂಟರ್‌ಗೆ ಬ್ರೇಕ್ ಇತ್ತಾ?"

"ಬ್ರೇಕ್ ಇದ್ದಿದ್ರೆ ಮಾತ್ರ ಶನಿ ಬಿಡ್ತಿದ್ನಾ ಸಾರ್? ಆ ಹುಡುಗ ಪಾಪ, ಒಂದು ನೆಪ ಅಷ್ಟೆ."

ವಿಮಾ ಕಂಪನಿಯ ವಕೀಲರು ಎದ್ದು ನಿಂತರು. "ಸ್ವಾಮಿ, ನಮ್ಮ ಕಂಪನಿ ವಿಮೆ ಕೊಟ್ಟಿರೋದು ಸ್ಕೂಟರ್‌ಗೆ. ಶನಿಗೆ ಪಾಲಿಸಿ ಕೊಟ್ಟಿಲ್ಲ."

ಹೊರಗೆ ಬಂದ ಮೇಲೆ ನನ್ನ ಕಕ್ಷಿದಾರರೇ ನನ್ನನ್ನು ಸಮಾಧಾನ ಮಾಡಿದರು. ಬಾಳೆಹಣ್ಣು ಕೊಡಿಸಿ, "ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ರಾಶಿ ಯಾವುದು?" ಎಂದರು. ಹೇಳಿದೆ. ಬೆರಳು ಮಡಿಸಿ ಎಣಿಸಿ ನಿಟ್ಟುಸಿರು ಬಿಟ್ಟರು.

"ಅದೇ ಅಂದ್ಕೊಂಡೆ. ನಿಮಗೆ ಕೇಸ್ ಕೊಡೋ ಮುಂಚೆನೇ ಕೇಳ್ಬೇಕಿತ್ತು."

ಚೆನ್ನಾಗಿದ್ದೀರಾ?

ಗಿರಿನಗರಕ್ಕೆ ಸುದ್ದಿ ಮುಟ್ಟಿತು. ಹೆಡ್‌ಮಾಸ್ಟರು 'ಫೇಲ್' ಎಂದಷ್ಟೇ ಹೇಳಿದರಂತೆ.

ಎರಡನೆಯ ಕೇಸಿಗೆ ನಾನು ಎಚ್ಚರವಾಗಿದ್ದೆ. ಜಯನಗರದ ನಡುವಯಸ್ಸಿನ ಒಬ್ಬ ಗೃಹಿಣಿ. ಮನೆ ಮುಂದೆ ರಂಗೋಲಿ ಹಾಕುತ್ತಿದ್ದಾಗ ಪಕ್ಕದ ಮನೆಯವರು ಹಿಂದೆ ನೋಡದೆ ಕಾರು ರಿವರ್ಸ್ ತೆಗೆದಿದ್ದರು. ಆಕೆಯ ಸೊಂಟಕ್ಕೆ ಪೆಟ್ಟಾಗಿ ನೆಲಕ್ಕೆ ಕೂರಲಾಗದು, ಬಗ್ಗಲಾಗದು. "ಶನಿ, ಗುರು, ರಾಹು ಯಾರ ಹೆಸರೂ ಎತ್ತಬಾರದು" ಎಂದು ಮೊದಲೇ ಹೇಳಿಕೊಟ್ಟೆ. "ಛೆ, ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲಪ್ಪ" ಎಂದರು. ಕಟಕಟೆಯಲ್ಲಿ ಕಾರಿನ ವಿಷಯವನ್ನೆಲ್ಲ ಗಿಣಿಪಾಠದಂತೆ ಒಪ್ಪಿಸಿದರು. ನನಗೆ ಛತ್ರದ ಯೋಚನೆ ಮತ್ತೆ ಬಂತು.

ಆ ದಿನ ಕೂತಿದ್ದ ಜಡ್ಜ್ ಬಹಳ ಮರ್ಯಾದಸ್ಥರು. ಕನ್ನಡಕ ತೆಗೆದು ಕನಿಕರದಿಂದ ಕೇಳಿದರು. "ಈಗ ಹೇಗಿದ್ದೀರಮ್ಮ?"

ಆಕೆ ಸೆರಗು ಸರಿಮಾಡಿಕೊಂಡು ಕೈ ಮುಗಿದರು. "ನಿಮ್ಮ ಆಶೀರ್ವಾದ. ಚೆನ್ನಾಗಿದ್ದೀನಿ."

"ನೋವೇನಾದರೂ ಉಂಟಾ?"

"ಏನೂ ಇಲ್ಲ, ಆರಾಮಾಗಿದ್ದೀನಿ. ನಿಮ್ಮ ಮನೇಲೆಲ್ಲ ಕ್ಷೇಮವೇ?"

ಮನೆಯಲ್ಲೆಲ್ಲ ಕ್ಷೇಮ ಎಂದು ಜಡ್ಜ್ ಹೇಳಿದರು. ನಮ್ಮ ಕೇಸಿನ ಕ್ಷೇಮ ಅಲ್ಲಿಗೆ ಮುಗಿಯಿತು. ಶಾಶ್ವತವಾದ ನೋವಿಗೆ ಪರಿಹಾರ ಕೇಳಿ ನಾನು ಬರೆದಿದ್ದನ್ನೆಲ್ಲ ಆಕೆ ಒಂದು ನಮಸ್ಕಾರದಲ್ಲಿ ಅಳಿಸಿದ್ದರು.

ಕೋರ್ಟಿನ ಮೆಟ್ಟಿಲು ಇಳಿಯುವಾಗ ಆಕೆ ಹೆಜ್ಜೆಹೆಜ್ಜೆಗೂ ಅಮ್ಮಾ, ಅಪ್ಪಾ ಎಂದು ನರಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಇದನ್ನೇ ಒಳಗೆ ಹೇಳಿದ್ರೆ ಆಗ್ತಿತ್ತಲ್ಲಮ್ಮ."

ಆಕೆ ಕಂಬಿ ಹಿಡಿದು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ದೊಡ್ಡೋರು ಪ್ರೀತಿಯಿಂದ ಚೆನ್ನಾಗಿದ್ದೀರಾ ಅಂತ ಕೇಳಿದಾಗ ಸೊಂಟ ನೋವು ಅನ್ನೋದಾ? ನಮ್ಮನೇಲಿ ಹಾಗೆ ಬೆಳೆಸಿಲ್ಲ. ಅದಿರಲಿ, ಆ ಜಡ್ಜ್‌ಗೆ ಮದುವೆಗಿರೋ ಗಂಡುಮಕ್ಕಳಿದ್ದಾರಾ ವಿಚಾರಿಸಿ ಹೇಳಿ."

ಧರ್ಮದೇಟು

ಎಂ.ಎ. ಮೊದಲ ವರ್ಷ ಮುಗಿಯಿತು. ಬ್ಯಾಂಕ್ ಆಫೀಸರ್‌ಗೆ ಪ್ರಮೋಷನ್ ಬಂತಂತೆ. ನನಗೆ ರಾತ್ರಿ ಊಟ ಸೇರುವುದು ನಿಂತಿತು.

ಮೂರನೆಯ ಕೇಸು ಬಿ.ಟಿ.ಎಂ. ಲೇಔಟಿನದು. ಆಗಿನ್ನೂ ಅಲ್ಲಿ ಮನೆಗಳಿಗಿಂತ ಮರಳಿನ ಗುಡ್ಡೆಗಳೇ ಹೆಚ್ಚು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಕಾರ್ಖಾನೆ ಕೆಲಸಗಾರನೊಬ್ಬನಿಗೆ ಮರಳು ಲಾರಿ ಗುದ್ದಿ ಕಾಲು ಮುರಿದಿತ್ತು. ಪೆಟ್ಟು ತಿಂದವನನ್ನು ನೆಚ್ಚಿ ನಾನು ಕೆಟ್ಟಿದ್ದೆ. ಅದಕ್ಕೆ ಈ ಸಲ ಕಣ್ಣಾರೆ ಕಂಡ ಸಾಕ್ಷಿಯನ್ನೇ ಹುಡುಕಿದೆ. ಸರ್ಕಲ್ಲಿನ ಬೀಡಾ ಅಂಗಡಿಯವನು ಸಿಕ್ಕಿದ. "ನಾನೇ ಅಲ್ಲಿದ್ದೆ ಸಾರ್, ನನ್ನ ಕೈ ನೋಡಿ, ಇನ್ನೂ ನೋವಿದೆ" ಎಂದ. ಗಾಯಾಳುವನ್ನು ಎತ್ತಿ ಕೈ ನೋವಾಗಿರಬೇಕು ಎಂದುಕೊಂಡೆ.

ಕೋರ್ಟಿನಲ್ಲಿ ಕೇಳಿದೆ. "ಲಾರಿ ಗುದ್ದಿದ್ದನ್ನ ನೋಡಿದ್ರಾ?"

"ಇಲ್ಲ ಸಾರ್. ನಾನು ಬಂದಿದ್ದು ಹೊಡೆಯೋಕೆ."

"ಯಾರಿಗೆ?"

"ಎಲ್ಲರೂ ಹೊಡೀತಿದ್ರು, ನಾನೂ ಕೊಟ್ಟೆ. ಖಾಕಿ ಹಾಕಿದ್ದ, ಬಿದ್ದೋನ ಪಕ್ಕದಲ್ಲೇ ಕೂತಿದ್ದ. ಡ್ರೈವರ್ ಅಂದ್ಕೊಂಡ್ವಿ. ಪೋಸ್ಟ್‌ಮ್ಯಾನ್ ಅಂತ ಆಮೇಲೆ ಗೊತ್ತಾಯ್ತು. ಪಾಪ, ನೀರು ಕುಡಿಸೋಕೆ ಬಂದಿದ್ನಂತೆ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಪ್ರತಿವಾದಿಗಳ ಸಾಲಿನಲ್ಲಿ ಕೂತಿದ್ದ ಲಾರಿ ಡ್ರೈವರ್ ಕಡೆಗೆ ಬೆರಳು ತೋರಿಸಿ ಕೇಳಿದೆ. "ಇರಲಿ. ಇಲ್ಲಿ ಕೂತಿದ್ದಾರಲ್ಲ, ಇವರನ್ನ ಆವತ್ತು ಅಲ್ಲಿ ನೋಡಿದ್ರಾ, ಇಲ್ವಾ?"

ಬೀಡಾ ಅಂಗಡಿಯವನ ಮುಖ ಅರಳಿತು. ಕಟಕಟೆಯಿಂದಲೇ ಡ್ರೈವರ್‌ಗೆ ಕೈ ಬೀಸಿದ.

"ನೋಡದೆ ಏನ್ ಸಾರ್, ನಮ್ಮ ಜೊತೇಲೇ ನಿಂತು ಹೊಡೆದ್ರಲ್ಲ. ನಮ್ಮೆಲ್ಲರಿಗಿಂತ ಜೋರಾಗಿ ಹೊಡೆದೋರು ಇವರೇ."

ಹೆಡ್‌ಮಾಸ್ಟರು ಬಿದ್ದರು

ಆ ಕಾರ್ಖಾನೆ ಕೆಲಸಗಾರನಿಗೆ ನ್ಯಾಯ ಸಿಕ್ಕಿತು ಅನ್ನಿ. ಅಪೀಲಿನಲ್ಲಿ, ನಾನು ಮೊದಲು ಕೆಲಸ ಕಲಿತಿದ್ದ ಸೀನಿಯರ್ ವಕೀಲರು ಗೆದ್ದುಕೊಟ್ಟರು. ಆದರೆ ಆ ಗೆಲುವು ನನ್ನ ಲೆಕ್ಕಕ್ಕೆ ಬರುವುದಿಲ್ಲವೆಂದು ಗಿರಿನಗರದಿಂದ ತೀರ್ಪು ಬಂತು. ಕಾಪಿ ಹೊಡೆದವನಿಗೆ ಮಾರ್ಕ್ಸ್ ಕೊಡುವ ಅಭ್ಯಾಸ ಹೆಡ್‌ಮಾಸ್ಟರಿಗೆ ಇರಲಿಲ್ಲ.

ಅಂಥವರೇ ಒಂದು ದಿನ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. ಅವರ ಬೀದಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರು ನೀರಿನ ಸಂಪಿಗೆಂದು ಫುಟ್‌ಪಾತಿನಲ್ಲೇ ಗುಂಡಿ ತೋಡಿಸಿ, ಸುತ್ತ ಒಂದು ಹಗ್ಗವನ್ನೂ ಕಟ್ಟಿಸದೆ ಬಿಟ್ಟಿದ್ದರಂತೆ. ಹೆಡ್‌ಮಾಸ್ಟರು ಅದಕ್ಕೆ ಬಿದ್ದಿದ್ದರು.

"ಇದನ್ನ ಗೆಲ್ಲಿ. ಅದೇ ನಿಮ್ಮ ಕೇಸು. ಮಗಳದ್ದು ಕೊನೇ ಪರೀಕ್ಷೆ ಹತ್ರ ಬಂತು" ಎಂದರು.

ವಾಹನದ ಕೇಸಲ್ಲವಾದ್ದರಿಂದ ಟ್ರಿಬ್ಯುನಲ್ ಇಲ್ಲ. ಮನೆ ಮಾಲೀಕರಿಗೆ ನೋಟಿಸು ಕೊಟ್ಟು, ಅವರು ಜಗ್ಗದಿದ್ದಾಗ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆ. ಯಾವ ದೇವರು ಕಣ್ಣು ಬಿಟ್ಟನೋ, ವಿಚಾರಣೆ ಬೇಗ ಬಂತು. ಹೆಡ್‌ಮಾಸ್ಟರಿಗೆ ಎಲ್ಲ ಹೇಳಿಕೊಟ್ಟೆ. ಗ್ರಹಗಳ ಸುದ್ದಿ ಬೇಡ, ಜಡ್ಜ್ ಹೇಗಿದ್ದೀರಿ ಎಂದರೆ ಕೈ ನೋವು ಎನ್ನಿ. "ನನಗೆ ಪಾಠ ಹೇಳ್ತೀರಾ?" ಎಂದು ಗದರಿದರೂ ಒಪ್ಪಿದರು. ಒಂದನ್ನು ಮಾತ್ರ ನಾನು ಕೇಳಿರಲಿಲ್ಲ. ಹೇಗೆ ಬಿದ್ದಿರಿ ಎಂದು ಬಿಡಿಸಿ ಬಿಡಿಸಿ ಕೇಳಲು ಹೆಣ್ಣು ಕೊಡಬೇಕಾದ ಮಾವನ ಮುಂದೆ ಯಾರಿಗೆ ಧೈರ್ಯ ಬರುತ್ತದೆ?

ಕಟಕಟೆಯಲ್ಲಿ ಹೆಡ್‌ಮಾಸ್ಟರು ಸೊಗಸಾಗಿ ಹೇಳಿದರು. ಹುಡುಗಿ ತಾಯಿಯ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನಾನು ಒಂದು ಸಲ ತಿರುಗಿ ನೋಡಿದೆ. ಗೆದ್ದೆವು ಎನ್ನುವ ಹಾಗೆ ಅವಳು ತಲೆ ಆಡಿಸಿದಳು. ಅಷ್ಟು ಹೊತ್ತಿಗೆ ಎದುರು ವಕೀಲರು ಎದ್ದರು. ಬೆಣ್ಣೆಯಂಥ ಮಾತಿನ ಮನುಷ್ಯ.

"ಮೇಷ್ಟ್ರೇ, ಅಲ್ಲಿ ಗುಂಡಿ ಇರೋದು ನಿಮಗೆ ಗೊತ್ತೇ ಇರಲಿಲ್ಲ, ಪಾಪ. ಅಲ್ವಾ?"

ಹೆಡ್‌ಮಾಸ್ಟರ ಬೆನ್ನು ನೆಟ್ಟಗಾಯಿತು. "ಗೊತ್ತಿಲ್ಲದೆ ಏನು? ನಮ್ಮ ಬೀದೀಲಿ ನನಗೆ ಗೊತ್ತಿಲ್ಲದೆ ಏನ್ ನಡೆಯುತ್ತೆ?"

"ಹೌದಾ? ಹಾಗಾದ್ರೆ ಮುಂಚೆನೇ ನೋಡಿದ್ರಿ."

"ದಿನಾ ನೋಡ್ತಿದ್ದೆ. ವಾಕಿಂಗ್ ಹೋಗೋವಾಗ ಒಂದ್ಸಲ, ಬರೋವಾಗ ಒಂದ್ಸಲ."

ನಾನು ಜೋರಾಗಿ ಕೆಮ್ಮಿದೆ. ಹೆಡ್‌ಮಾಸ್ಟರು ನನ್ನತ್ತ ತಿರುಗಿ, "ನೀರು ಕುಡೀರಿ" ಎಂದು ಮುಂದುವರಿದರು. "ಅಲ್ಲಿದ್ದ ಮೇಸ್ತ್ರಿಗೆ ದಿನಾ ಬುದ್ಧಿ ಹೇಳ್ತಿದ್ದೆ. ಹೀಗೆ ಬಿಟ್ರೆ ಯಾರಾದ್ರೂ ಬೀಳ್ತಾರೆ ಕಣಯ್ಯಾ ಅಂತ."

ನನಗೆ ಜೀವ ಬಂದಂತಾಯಿತು. ಎಚ್ಚರಿಕೆ ಕೊಟ್ಟರೂ ಕೇಳದ ಮೇಸ್ತ್ರಿ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಎಲ್ಲಿ ಸಿಗುತ್ತದೆ?

"ಅದಕ್ಕೆ ಮೇಸ್ತ್ರಿ ಏನಂದ?" ಎಂದರು ಎದುರು ವಕೀಲರು.

"ಯಾರೂ ಬೀಳಲ್ಲ ಬಿಡಿ ಸಾರ್, ಇಷ್ಟು ದೊಡ್ಡ ಗುಂಡಿ ಕಾಣದೆ ಹೇಗೆ ಬೀಳ್ತಾರೆ ಅಂದ."

"ಅದಕ್ಕೆ ನೀವು?"

"ಹೀಗೆ ಬೀಳ್ತಾರೆ ಅಂತ ತೋರಿಸಿದೆ."

ಸಾಕ್ಷ್ಯ ಟೈಪು ಮಾಡುತ್ತಿದ್ದ ಟೈಪಿಸ್ಟರ ಕೈ ನಿಂತಿತು. ಜಡ್ಜ್ ಮುಂದೆ ಬಾಗಿದರು. "ತೋರಿಸಿದೆ ಅಂದ್ರೆ?"

"ನಾಲ್ಕು ಹೆಜ್ಜೆ ಹಿಂದೆ ಹೋಗಿ, ಆಕಾಶ ನೋಡ್ಕೊಂಡು ನಡೆದು ಬಂದೆ ಸ್ವಾಮಿ. ಜನ ಹಾಗೇ ತಾನೇ ನಡೆಯೋದು? ಬಾಯಲ್ಲಿ ಹೇಳಿದ್ರೆ ಕೆಲವರ ತಲೆಗೆ ಹತ್ತಲ್ಲ. ಮಾಡಿ ತೋರಿಸ್ಬೇಕು. ನನ್ನ ಸರ್ವೀಸ್ ಪೂರ್ತಿ ಹಾಗೇ ಪಾಠ ಮಾಡಿದ್ದೀನಿ."

"ಮೇಸ್ತ್ರಿಗೆ ಅರ್ಥ ಆಯ್ತಾ?" ಜಡ್ಜ್ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಚೆನ್ನಾಗಿ ಆಯ್ತು ಸ್ವಾಮಿ. ನನ್ನನ್ನ ಮೇಲಕ್ಕೆ ಎತ್ತಿದ್ದೇ ಅವನು."

ದಾವೆ ವಜಾ ಆಯಿತು. ಸಾಲದ್ದಕ್ಕೆ ಎದುರು ಪಾರ್ಟಿಯ ಖರ್ಚನ್ನೂ ನಾವೇ ಕೊಡಬೇಕೆಂದು ಆದೇಶವಾಯಿತು.

ತೀರ್ಪಿನ ನಕಲು ಹಿಡಿದು ಗಿರಿನಗರಕ್ಕೆ ಹೊರಟಾಗ ನನಗೆ ಅಳುವೇ ಬರುವಂತಿತ್ತು. ಇದೇ ಕೊನೆಯ ಸಲ ಆ ಗೇಟು ತೆಗೆಯುವುದು ಎಂದುಕೊಂಡೆ. ಜಗಲಿಯ ಮೇಲೆ ಕೂತಿದ್ದ ಹೆಡ್‌ಮಾಸ್ಟರು ನಕಲು ಕಿತ್ತುಕೊಂಡು, ಕೆಂಪು ಪೆನ್ನು ಹಿಡಿದು ಮೊದಲಿನಿಂದ ಓದಿದರು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಡುವೆ ಒಂದು ಕಡೆ ಅವರು ನಿಂತು, ಅಡಿಗೆರೆ ಎಳೆದು, ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದರು.

"ಸುತ್ತ ಅಡ್ಡ ಇಲ್ಲದ ಗುಂಡಿಗೆ ಯಾರಾದರೂ ಬೀಳುತ್ತಾರೆ ಎಂದು ವಾದಿ ಮೇಸ್ತ್ರಿಗೆ ಹೇಳಿದ್ದು ಸರಿಯಾಗಿಯೇ ಇದೆ."

ಅದರ ಮುಂದೆ 'ಆದರೆ' ಎಂದಿತ್ತು. ಅದನ್ನು ಅವರು ಓದಲಿಲ್ಲ.

"ಕೇಳಿಸ್ತೇನೇ?" ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದರು. "ಮದುವೆಯಾದಾಗಿನಿಂದ ನಾನು ಹೇಳಿದ್ದು ಸರಿ ಅಂತ ಈ ಮನೇಲಿ ಒಬ್ಬರೂ ಒಪ್ಪಿಲ್ಲ. ಈ ಹುಡುಗ ಕೋರ್ಟಿಂದ ಬರೆಸ್ಕೊಂಡು ಬಂದಿದ್ದಾನೆ. ಗೆದ್ವಿ. ಪುರೋಹಿತರಿಗೆ ಹೇಳಿಕಳಿಸು, ಲಗ್ನ ಇಡಿಸೋಣ."

ನಾನು ಬಾಯಿ ತೆರೆದೆ. ಬಾಗಿಲ ಸಂದಿಯಿಂದ ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದಳು. ಆದರೆ ಅತ್ತೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಅಲ್ರೀ, ನಾವು ಗೆದ್ದಿದ್ರೆ ಎದುರು ಪಾರ್ಟಿಯವರ ಖರ್ಚು ನಾವ್ಯಾಕೆ ಕೊಡ್ಬೇಕಂತೆ?"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಹೆಂಡತಿಯನ್ನು ಕನಿಕರದಿಂದ ನೋಡಿದರು.

"ಪಾಪ, ಅವರು ಸೋತಿದ್ದಾರಲ್ಲ ಕಣೇ."