ಹತ್ತು ರೊಟ್ಟಿಯ ಉಸಿರು

ಉಸಿರಾಡುವುದು ಹುಟ್ಟಿದ ಕೂಡಲೇ ಎಲ್ಲರಿಗೂ ಬರುವ ವಿದ್ಯೆ. ನಮ್ಮ ಮಾಮಾ ಮಾತ್ರ ಐವತ್ತನೆಯ ವಯಸ್ಸಿನಲ್ಲಿ, ಇದನ್ನು ಇನ್ನೂ ಸ್ವಲ್ಪ ವಿಚಾರ ಮಾಡಬೇಕು ಎಂದು ಕೂತವನು!

ಕೊಳಕೂರಿನ ರೈತರು ಭೀಮಾ ನದಿಗೆ ಇಳಿಬಿಟ್ಟ ಪಂಪಿನ ಪೈಪುಗಳ ಬಾಯಿಗೆ ಹೂಳು ಕಟ್ಟಿದರೆ, ಮುಳುಗಿ ಬಿಡಿಸುವುದು ಅವನ ಕೆಲಸ. ಮೂವತ್ತು ವರ್ಷ ಉಸಿರು ಬಿಗಿಹಿಡಿದೇ ಮುಳುಗಿದ. ಆಮೇಲೆ ಕಾರವಾರಕ್ಕೆ ಹೋಗಿ ಸಿಲಿಂಡರ್ ಹೊತ್ತು ಮುಳುಗುವುದನ್ನು ಕಲಿತ. ಕಲಿಸಿದವರು ಮೂರು ಹಳೆಯ ರೆಗ್ಯುಲೇಟರ್ ಕೊಟ್ಟು, ಒಂದು ಇಟ್ಟುಕೊಂಡು ಎರಡು ವಾಪಸ್ ಕಳಿಸು ಎಂದರು. ಸಿಲಿಂಡರಿನ ಗಾಳಿಯನ್ನು ಹದ ಮಾಡಿ ಬಾಯಿಗೆ ಕೊಡುವ ಸಾಧನ ಅದು. ಆರಿಸಲು ಮೂರು ತಿಂಗಳು ಹಿಡಿಯಿತು.

"ನನ್ನ ನೋಡಾಕ ಬಂದಾಗ ಚಹಾ ಆರೂತನಕಾನೂ ಕುಂದರಲಿಲ್ಲ. ಇದಕ್ಕ ಮೂರು ತಿಂಗಳು!" ಎಂದಳು ಅತ್ತೆ.

"ನೀರಾಗ ಉಸಿರು ಕೊಡಾಕಿ ಆಗಿದ್ರ ನಿನ್ನೂ ಮೂರು ತಿಂಗಳು ನೋಡ್ತಿದ್ದೆ."

ಪರೀಕ್ಷೆ ನಡೆದದ್ದು ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ. ಗಡಿಯಾರವೆಂದರೆ ಅತ್ತೆಯ ಹಂಚು. ಒಂದೊಂದು ರೆಗ್ಯುಲೇಟರಿಗೆ ಹತ್ತು ರೊಟ್ಟಿ ಬೇಯುವಷ್ಟು ಹೊತ್ತು ತಲೆ ಮುಳುಗಿಸಬೇಕು. ತೊಟ್ಟಿಯ ತಳದಲ್ಲಿ ಮಾಮಾನ ಮುಖ ಕಂಡ ಎಮ್ಮೆ ಎರಡು ದಿನ ನೀರು ಮುಟ್ಟಲಿಲ್ಲ.

ಮೊದಲನೆಯದು ಗಾಳಿ ಕೊಡಲು ಜಿಪುಣ. ಎರಡನೆಯದು ಚುನಾವಣೆಗೆ ನಿಂತವರಂತೆ ಕೇಳದಿದ್ದರೂ ಕೊಡುತ್ತಿತ್ತು. ಹೊಳೆಯ ಕೆಸರು ತಂದು ತೊಟ್ಟಿಗೆ ಕಲಸಿದ ಮೇಲೆ ನಿಲ್ಲಿಸುವುದನ್ನೇ ಮರೆಯಿತು. ಮೂರನೆಯದು ಕೆಸರಿಗೂ ಜಗ್ಗಲಿಲ್ಲ; ಮಾಮಾ ಅದನ್ನೇ ಇಟ್ಟುಕೊಂಡ. ಅದಕ್ಕೆ ಉದ್ದ ಕೊಳವೆಯ ಇನ್ನೊಂದು ಬಾಯಿಯೂ ಇತ್ತು.

"ಎರಡನೇ ಬಾಯಿಲೆ ಏನು ಉಣ್ತೀರಿ ಕಾಕಾ?" ಎಂದು ನೆರೆಹೊಲದ ಮಲ್ಲಣ್ಣ ಕೇಳಿದ.

"ಬೀಗರು ಬಂದ್ರ ಬೇಕಾಗ್ತದಲ್ಲೋ."

ಮುಂದೆ ಒಂದು ದಿನ ಮಲ್ಲಣ್ಣನ ಪೈಪಿಗೇ ಹೂಳು ಕಟ್ಟಿತು. ದಂಡೆಯ ಮೇಲೆ ಮಾಮಾ ಎಲ್ಲವನ್ನೂ ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೂರನೆಯ ಸಲ ರೆಗ್ಯುಲೇಟರ್ ಪರೀಕ್ಷಿಸುತ್ತಿದ್ದ. ಹಗ್ಗದ ತುದಿ ನನ್ನ ಕೈಯಲ್ಲಿ. ಎರಡು ಸಲ ಜಗ್ಗಿದರೆ ಎಳೆಯಬೇಕು.

"ನೀವು ನೋಡ್ಕೋತ ಕುಂದರ್ರಿ, ನಾ ತೆಗದು ಬರ್ತೇನಿ" ಎಂದು ಮಲ್ಲಣ್ಣ ಸುಮ್ಮನೆ ಮುಳುಗಿಬಿಟ್ಟ. ಹೂಳು ಕಳಚಿತು, ಜೊತೆಗೆ ಪೈಪೂ ಜಾರಿ ಅವನ ಕಾಲ ಮೇಲೆ ಕೂತಿತು. ನೀರಿನ ಮೇಲೆ ಅವನ ಕೈಯೊಂದೇ ಕಾಣುತ್ತಿತ್ತು. ಬೆರಳುಗಳು ಗಾಳಿಯನ್ನು ಹಿಡಿಯಲು ನೋಡುತ್ತಿದ್ದವು.

"ಹಗ್ಗ ಬಿಡಬ್ಯಾಡ ಬೇ" ಎಂದು ಮಾಮಾ ಸನ್ನೆಕೋಲು ಹಿಡಿದು ಇಳಿದ.

ನಾನು ಬಿ.ಎಸ್ಸಿ. ಓದಿದವಳು. ಗಾಳಿಯ ಒತ್ತಡದ ಸೂತ್ರ ಬಾಯಿಪಾಠ. ಆ ಹೊತ್ತಿನಲ್ಲಿ ನನ್ನ ಹೆಸರೂ ನೆನಪಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಕೈ ಕಾಣುತ್ತದೆ; ಮೆಲ್ಲಗೆ ಸೋತು, ನೀರಿನೊಳಗೆ ಹೋಗುತ್ತದೆ.

ಗುಳ್ಳೆಗಳು ಒಂದು ಕಡೆ ಎದ್ದವು. ಒಂದೇ ಕಡೆ. ಬಹಳ ಹೊತ್ತು ಒಂದೇ ಕಡೆ. ಆಮೇಲೆ, ಅದರ ಪಕ್ಕದಲ್ಲಿ, ಇನ್ನೊಂದು ಕಡೆಯೂ ಎದ್ದವು. ಇಬ್ಬರ ಉಸಿರು!

ಮಾಮಾ ಸನ್ನೆಕೋಲಿನಿಂದ ಪೈಪು ಎತ್ತುವವರೆಗೆ ಮಲ್ಲಣ್ಣ ಬೀಗನಾಗಿ ಆ ಎರಡನೆಯ ಬಾಯಿಯಲ್ಲೇ ಉಸಿರಾಡಿದ. ಹಗ್ಗ ಎರಡು ಸಲ ಜಗ್ಗಿತು. ಎಳೆದೆ.

ದಂಡೆಗೆ ಬಿದ್ದ ಮಲ್ಲಣ್ಣ ಕೆಮ್ಮಿ, ಕಾರಿಕೊಂಡು, ಮೊದಲು ಆಡಿದ ಮಾತು: "ಕಾಕಾ, ಇದರಾಗ ತಂಬಾಕಿನ ವಾಸನಿ ಬರಾಕತ್ತದ."

"ಮುಂದಿನ ಸಲ ಯಾಲಕ್ಕಿ ಹಾಕಿ ಇಡ್ತೇನಿ."

ಜನ ಸೇರಿ ಮಾಮಾನನ್ನು ಹೊಗಳತೊಡಗಿದರು. ನನಗಂತೂ ಎದೆಯಲ್ಲಿ ಹಿಡಿಸದಷ್ಟು ಹೆಮ್ಮೆ. ಅವನು ಯಾರ ಮಾತನ್ನೂ ಕೇಳಲಿಲ್ಲ. ನನ್ನ ಎದುರು ಕೂತು, ಮುಚ್ಚಿದ್ದ ನನ್ನ ಮುಷ್ಟಿಗಳನ್ನು ಒಂದೊಂದೇ ಬೆರಳು ಬಿಡಿಸಿ ನೋಡಿದ. ಹಗ್ಗ ಉಜ್ಜಿ ಚರ್ಮ ಸುಲಿದಿತ್ತು. ಅವನಿಗೇ ಇನ್ನೂ ಏದುಸಿರು. ಆದರೂ ಬಗ್ಗಿ, ನನ್ನ ಅಂಗೈಗಳಿಗೆ ಉಫ್ ಉಫ್ ಎಂದು ಊದುತ್ತ ಕೂತ.