ಕೂಗದ ಮೇಜು

"ಇನ್ನು ಮೇಲೆ ಈ ಮನೆಗೆ ಮರದ ಸಾಮಾನು ಅಂಗಡಿಯಿಂದ ಬರೋದಿಲ್ಲ. ಎಲ್ಲ ನಾನೇ ಮಾಡ್ತೀನಿ!"

ಹೀಗೆಂದು ಘೋಷಿಸಿದವರು ಬಡಗಿಯಲ್ಲ, ಹಲ್ಲಿನ ಡಾಕ್ಟರು. ಘೋಷಣೆ ಹೊರಬಿದ್ದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಸಭಿಕರು ಹೆಂಡತಿಯೊಬ್ಬರೇ. ಆಕೆ ಗಣಿತದ ಟೀಚರು, ಬಾಯಿಮಾತಿನ ಉತ್ತರ ನಂಬುವವರಲ್ಲ.

"ಮೊದಲು ಬಚ್ಚಲಮನೆ ಬಾಗಿಲಿಗೆ ಚಿಲಕ ಹಾಕಿ. ಸಿಂಹಾಸನ ಆಮೇಲೆ ಮಾಡೋರಂತೆ."

"ಚಿಲಕ ಯಾರು ಬೇಕಾದ್ರೂ ಹಾಕ್ತಾರೆ ಕಣೇ. ಇದು ಕಲೆ! ದಿನಾ ಹಲ್ಲು ಕೊರೆಯೋ ಕೈಗೆ ಮರ ಯಾವ ಲೆಕ್ಕ?"

ಡಾಕ್ಟರ ಕೈ ಹಗುರ ಎಂಬುದು ಊರಿಗೆಲ್ಲ ಗೊತ್ತು. ಅದನ್ನು ನಂಬದವರು ಒಬ್ಬರೇ, ಅವರ ಮಾವ. ಹುಳುಕು ದವಡೆಹಲ್ಲನ್ನು ಬಾಯಲ್ಲಿಟ್ಟುಕೊಂಡು, ಅಳಿಯನ ಕುರ್ಚಿಗೆ ಹೆದರಿ, ಒಂದಲ್ಲ ಒಂದು ನೆವ ಹೇಳುತ್ತ ತಪ್ಪಿಸಿಕೊಳ್ಳುತ್ತಿದ್ದ ಆ ಹಿರಿಯರು ಅಂತೂ ಇಂತೂ ಸೋಮವಾರ ಬರುತ್ತೇನೆಂದು ಒಪ್ಪಿದ್ದರು. ಅದೇ ಮಾವ, ಮಗಳಿಗೆ ಕೆಲಸ ಸಿಕ್ಕಿದಾಗ ತೇಗದ ಮೇಜೊಂದನ್ನು ಮಾಡಿಸಿಕೊಟ್ಟಿದ್ದರು. ಟೀಚರು ಉತ್ತರಪತ್ರಿಕೆ ತಿದ್ದುವುದು ಅದರ ಮೇಲೆಯೇ. ಅಲ್ಲಿ ಒಂದು ಒದ್ದೆ ಲೋಟ ಇಟ್ಟರೂ ಸಾಕು, ಮನೆಯಲ್ಲಿ ಕುರುಕ್ಷೇತ್ರ!

ಆ ಮೇಜಿಗೆ ಒಪ್ಪುವಂಥ ಪೆನ್ನಿನ ತಟ್ಟೆ ಮಾಡಿ ಹೆಂಡತಿಗೆ ಕೊಡಬೇಕು, ಅದೂ ಮಾವ ಬರುವ ಮೊದಲು. ಇದು ಡಾಕ್ಟರ ಗುಟ್ಟಿನ ಆಸೆ. ಅಳಿಯನ ಕೈಚಳಕವನ್ನು ಕಣ್ಣಾರೆ ಕಂಡರೆ ಮಾವನ ಹೆದರಿಕೆ ಅರ್ಧ ಇಳಿದೀತು ಎಂಬ ಲೆಕ್ಕಾಚಾರವೂ ಅದರೊಳಗಿತ್ತು.

ಶನಿವಾರ ಸಂಜೆ ಡಾಕ್ಟರು ರೂಟರ್ ಕೊಳ್ಳಲು ಅಂಗಡಿಗೆ ದಯಮಾಡಿಸಿದರು. ಗಿರಗಿರನೆ ತಿರುಗುವ ಮೊನೆಯಿಂದ ಮರವನ್ನು ತೋಡಿ ತಗ್ಗು ಮಾಡುವ ಯಂತ್ರ ಅದು. ಅಂಗಡಿಯವನು ಅವರ ಹಳೆಯ ರೋಗಿ. ಡಾಕ್ಟರನ್ನು ಕಂಡದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದ.

"ಇದು ದೊಡ್ಡದು ಡಾಕ್ಟ್ರೇ. ಬಾಗಿಲು, ಕಿಟಕಿ ಕೆಲಸಕ್ಕೆ."

ಡಾಕ್ಟರು ಎತ್ತಿದರು. ಭುಜ ಕೆಳಗಿಳಿಯಿತು. "ಇದನ್ನ ಹಿಡ್ಕೊಂಡ್ರೆ ನಾನೇ ಆಸ್ಪತ್ರೆ ಸೇರಬೇಕು. ಸಣ್ಣಪುಟ್ಟ ಕೆಲಸಕ್ಕೆ ಹಗುರದ್ದು ಕೊಡಪ್ಪ."

ಚಿಕ್ಕದೊಂದು ಬಂತು. ಡಾಕ್ಟರು ಅದನ್ನು ಮೂರು ಬೆರಳಲ್ಲಿ ಹಿಡಿದು, ಕಿರುಬೆರಳು ಚಾಚಿ, ಎದುರಿಗೆ ಬಾಯಿ ಹುಡುಕುವವರಂತೆ ಮುಂದೆ ಬಗ್ಗಿದರು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ.

"ಇದಕ್ಕಿಂತ ಹಗುರ?"

"ಇದೇ ಎಲ್ಲಕ್ಕಿಂತ ಹಗುರ ಡಾಕ್ಟ್ರೇ. ಕೆಳಗಿನ ಪೀಠ ಬಿಚ್ಚಿದ್ರೆ ಇನ್ನೂ ಹಗುರ ಆಗತ್ತೆ. ಆದ್ರೆ ಬಿಚ್ಚಬೇಡಿ! ಮೊನೆ ಎಷ್ಟು ಆಳ ಇಳೀಬೇಕು ಅಂತ ಹಿಡಿದಿಡೋದೇ ಆ ಪೀಠ."

"ಇನ್ನೂ ಹಗುರ ಆಗತ್ತೆ" ಎಂಬಲ್ಲಿಗೆ ಡಾಕ್ಟರ ಕಿವಿ ತುಂಬಿಹೋಗಿತ್ತು. ಉಳಿದದ್ದಕ್ಕೆ ಒಳಗೆ ಜಾಗವಿರಲಿಲ್ಲ.

ಭಾನುವಾರ ಟೀಚರಿಗೆ ಶಾಲೆಯಲ್ಲಿ ಕೆಲಸವಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ನನ್ನ ಮೇಜಿನ ಹತ್ರ ಸುಳಿದ್ರೆ ನೋಡಿ!" ಎಂದರು.

"ಛೆ ಛೆ, ನನಗೇನು ಹುಚ್ಚೇ?"

ಹುಚ್ಚಿರಲಿಲ್ಲ. ಆದರೆ ಅಡುಗೆಕಟ್ಟೆ ತೀರಾ ಎತ್ತರ, ಊಟದ ಮೇಜಿಗೆ ಒಂದು ಕಾಲು ಕುಂಟು, ನೆಲದ ಮೇಲೆ ಕೂರಲು ಮಂಡಿ ಒಪ್ಪಲಿಲ್ಲ. ತೇಗದ ಮೇಜು ಮಾತ್ರ ಸರಿಯಾಗಿ ಮೊಣಕೈ ಮಟ್ಟಕ್ಕಿತ್ತು! ಡಾಕ್ಟರು ಅದರ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ತಟ್ಟೆಗೆಂದು ತಂದ ಹಲಗೆಯನ್ನಿಟ್ಟು ಬಿಗಿದರು. ಮುಖಕ್ಕೆ ಮಾಸ್ಕು, ಹಣೆಗೆ ದೀಪ. ಯಂತ್ರದ ಪೀಠ ಬಿಚ್ಚಿ ಬದಿಗಿಟ್ಟರು. ಆಹಾ, ಹೂವಿನಂತೆ ಹಗುರ!

"ಸ್ವಲ್ಪ ಗುಂಯ್ ಅನ್ನತ್ತೆ ಅಷ್ಟೆ, ಹೆದರಬೇಡಿ," ಎಂದು ಹಲಗೆಗೆ ಧೈರ್ಯ ಹೇಳಿ ಶುರುಮಾಡಿದರು.

ಇಲ್ಲೊಂದು ವೃತ್ತಿರಹಸ್ಯವಿದೆ. ಇಷ್ಟು ವರ್ಷ ಆಳ ಸಾಕೆಂದು ಡಾಕ್ಟರಿಗೆ ಹೇಳುತ್ತಿದ್ದುದು ಕಣ್ಣಲ್ಲ, ಕಿವಿ. ರೋಗಿ "ಆಂ!" ಎಂದ ಕೂಡಲೇ ಕೈ ತಾನಾಗಿ ಮೇಲೇಳುತ್ತಿತ್ತು. ಹಲಗೆ ಆಂ ಅನ್ನಲಿಲ್ಲ. "ವೆರಿ ಗುಡ್, ಹಾಗೇ ಇರಿ," ಎನ್ನುತ್ತ ಡಾಕ್ಟರು ಇನ್ನಷ್ಟು ಇಳಿದರು. ಆಗಲೂ ಸದ್ದಿಲ್ಲ. ಎಂಥ ತಾಳ್ಮೆಯ ರೋಗಿ ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ಮರದ ಪುಡಿಯ ಜೊತೆ ಪತ್ರಿಕೆಯ ಚೂರುಗಳು ಹಾರಿದವು. ಅದರ ಹಿಂದೆಯೇ ಪುಡಿಯ ಬಣ್ಣವೂ ಬದಲಾಯಿತು.

"ಅಯ್ಯಯ್ಯೋ!" ಕೊನೆಗೂ ಕೂಗಿದವರು ಡಾಕ್ಟರೇ.

ಹಲಗೆ ಎತ್ತಿ ನೋಡಿದರೆ ಮಾವನ ತೇಗದಲ್ಲಿ ಬೆರಳುದ್ದದ ಕಾಲುವೆ. ಬೇರೆಯವರಾಗಿದ್ದರೆ ಬಡಗಿಯನ್ನು ಕರೆಸುತ್ತಿದ್ದರು. ಆದರೆ ಕುಳಿ ಕಂಡರೆ ಹಲ್ಲಿನ ಡಾಕ್ಟರಿಗೆ ತೋಚುವುದು ಒಂದೇ. ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ಓಡಿಹೋಗಿ ಹಲ್ಲು ತುಂಬುವ ಸಾಮಾನೆಲ್ಲ ಹೊತ್ತು ತಂದರು. ಬಣ್ಣ ಹೊಂದಿಸಿ ನೋಡಿದರು. ಮಕ್ಕಳ ಹಲ್ಲಿನ ಬಣ್ಣ ಬಲು ಬಿಳಿ, ಕಾಫಿ ಕುಡುಕರದ್ದು ಪರವಾಗಿಲ್ಲ, ತೇಗಕ್ಕೆ ಹತ್ತಿರದ ನೆಂಟಸ್ತಿಕೆ ಇದ್ದದ್ದು ಸಿಗರೇಟು ಸೇದುವವರದ್ದಕ್ಕೆ. ಅದನ್ನೇ ತುಂಬಿ, ಸುತ್ತ ಹತ್ತಿಯಿಟ್ಟು, ನೀಲಿ ದೀಪ ಹಿಡಿದು ಗಟ್ಟಿಮಾಡಿ ಉಜ್ಜಿದರು. ಮೇಜು ಹಲ್ಲು ಕಿರಿದು ನಕ್ಕಿತು. ಗಾಬರಿಯಲ್ಲಿ ಬಟ್ಟೆಯೊಂದನ್ನು ಹೊದಿಸಿದರು.

ಟೀಚರು ಶಾಲೆಯಿಂದ ಬಂದು, ಚಹಾ ಕಾಯಿಸಿಕೊಂಡು ಮೇಜಿನತ್ತ ನಡೆದರು. ಒಂದು ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದರಲ್ಲಿ ಬಿಸಿ ಲೋಟ.

"ಇದೇನ್ರೀ ಹೊಸ ಬಟ್ಟೆ?"

"ಧೂಳು ಕಣೇ, ಎಲ್ಲಿ ನೋಡಿದ್ರೂ ಧೂಳು!"

ಟೀಚರು ಕಟ್ಟನ್ನು ಮೇಜಿನ ಮೇಲಿಡಲು ಹೋದರು. ಡಾಕ್ಟರ ಬಾಯಿ ಅವರನ್ನು ಕೇಳದೆ ತೆರೆದುಕೊಂಡಿತು. "ಆ ಕಡೆ ಬೇಡ! ಎರಡು ಗಂಟೆ ಹೊತ್ತು ಆ ಕಡೆ ಬಿಸಿದು, ಗಟ್ಟಿದು ಏನೂ ಬೇಡ!"

ಮದುವೆಯಾದಂದಿನಿಂದ ಕ್ಲಿನಿಕ್ಕಿನ ಗೋಡೆಯಾಚೆಯಿಂದ ದಿನವೂ ಕೇಳಿದ ಮಾತು ಅದು. ಟೀಚರು ಬಟ್ಟೆ ಎತ್ತಿದರು. ಆ ಜಾಗದ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತು.

"ಅಪ್ಪ ಮಾಡಿಸಿಕೊಟ್ಟಿದ್ದು ರೀ..."

"ನಿನಗೇ ಅಂತ ಪೆನ್ನಿನ ತಟ್ಟೆ ಮಾಡೋಕೆ ಹೋದೆ ಕಣೇ," ಎಂದು ಡಾಕ್ಟರು ತೂತು ಬಿದ್ದ ಹಲಗೆಯನ್ನು ಎತ್ತಿ ಹಿಡಿದರು. ಆ ತೂತಿನಾಚೆ ಅವರದೇ ಪೆಚ್ಚು ಮೋರೆ ಕಾಣುತ್ತಿತ್ತು. ಅದನ್ನು ಕಂಡು ಟೀಚರ ತುಟಿ ಅದುರಿತು. ಅಳುವೋ ನಗುವೋ ತಿಳಿಯದು.

"ಅಲ್ಲ ರೀ, ಇಷ್ಟು ಆಳ ಹೋಗೋವರೆಗೂ ಗೊತ್ತಾಗ್ಲಿಲ್ವಾ?"

"ಅದು... ಕೂಗಲೇ ಇಲ್ಲ ಕಣೇ!"

ಅಷ್ಟೇ. ಟೀಚರು ಅಲ್ಲೇ ಕುರ್ಚಿಗೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಫೋನೆತ್ತಿಕೊಂಡರು.

"ಅಪ್ಪನಿಗೆ ಬೇಡ ಕಣೇ! ನಾಳೆ ಅವರು ಬರಬೇಕು!"

ಮಾತು ಮುಗಿಯುವ ಮೊದಲೇ ಕಥೆ ಮಾವನ ಮನೆ ಮುಟ್ಟಿತ್ತು. ಕಾಲುವೆ, ಸಿಗರೇಟಿನ ಬಣ್ಣ, ನೀಲಿ ದೀಪ, ಕೂಗದ ಮೇಜು, ಒಂದೂ ಬಿಡದೆ ಟೀಚರು ಒಪ್ಪಿಸಿದರು. ಡಾಕ್ಟರು ಕೈಕಟ್ಟಿ ನಿಂತಿದ್ದರು.

"ಮೇಜು ಹೋಗ್ಲಿ ಬಿಡಮ್ಮ," ಎಂದರು ಮಾವ ಆ ಕಡೆಯಿಂದ. "ಪಾಪ, ನಿನಗೋಸ್ಕರ ಮಾಡೋಕೆ ಹೋಗಿದ್ದು. ನಾಳೆ ನಾನು ತಪ್ಪದೇ ಬರ್ತೀನಿ ಅಂತ ಅಳಿಯಂದಿರಿಗೆ ಹೇಳು. ಆದ್ರೆ ಮನೆ ಬಿಟ್ಟಲ್ಲಿಂದಲೇ ಕೂಗ್ತಾ ಬರ್ತೀನಿ!"