ಗೋಡೆಗೆ ತಟ್ಟೆ ಅಂಟಿಸಿದ ಅತ್ತೆ

ತುಂಗಭದ್ರೆಯ ಜೊತೆ ಜಗಳ ತೆಗೆದು ಗೆದ್ದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ; ಅವಳು ನನ್ನ ಸೋದರತ್ತೆ. ನೀವು ನಂಬುವುದಿಲ್ಲ, ಗೊತ್ತು. ಬುಕ್ಕಸಾಗರದಲ್ಲಿ ಅವಳ ಅಕ್ಕಪಕ್ಕದ ಮನೆಯವರೂ ಮೂರು ವರ್ಷ ನಂಬಿರಲಿಲ್ಲ. ನಾನು ಕಣ್ಣಾರೆ ಕಂಡವಳು. ಆ ಊರಿನ ಶಾಲೆಯಲ್ಲಿ ಪಾಠ ಹೇಳಲು ಹೋದವಳು ಅತ್ತೆಯ ಮನೆಯಲ್ಲೇ ಉಳಿದುಕೊಂಡಿದ್ದೆ.

ತುಂಗಭದ್ರೆಯ ಕಾಲುವೆ ನೀರಿನಿಂದ ಭತ್ತ, ಬಾಳೆ, ಕಬ್ಬು ಬೆಳೆದು ಊರಿನ ಕೈಯಲ್ಲಿ ದುಡ್ಡು ಆಡುತ್ತಿದ್ದ ಕಾಲ ಅದು. ಹೊಸ ಮನೆ ಕಟ್ಟಿಸುವವರೆಲ್ಲ ಮೇಲಕ್ಕೆ ಹೋಗುತ್ತಿದ್ದರು. ಒಬ್ಬ ಮಹಡಿ ಏರಿಸಿದರೆ ಇನ್ನೊಬ್ಬ ಮಹಡಿಯ ಮೇಲೆ ಸಿಮೆಂಟಿನ ನವಿಲು ಕೂರಿಸುತ್ತಿದ್ದ. ನಮ್ಮ ಅತ್ತೆ ಕೆಳಕ್ಕೆ ಹೋದಳು.

“ಮ್ಯಾಲ ಹೋದಷ್ಟೂ ಬಿಸಲು. ಆ ನವಿಲು ಸೈತ ಬಾಯಿ ತಕ್ಕೊಂಡು ಕುಂತೈತಿ ನೋಡು,” ಎಂದು ಹೇಳಿ, ಮನೆಯ ಅಡಿಯಲ್ಲಿ ಹತ್ತು ಮೆಟ್ಟಿಲಿನ ನೆಲಮಾಳಿಗೆ ತೋಡಿಸಿದಳು. ನಮ್ಮ ಕಡೆಯ ವೈಶಾಖ ಕಂಡವರು ಇದನ್ನು ಹುಚ್ಚು ಎನ್ನಲಾರರು. ಮೊದಲ ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಅಲ್ಲಿಳಿದು, ತಣ್ಣನೆಯ ಬಂಡೆಯ ಮೇಲೆ ಬೆನ್ನು ಚಾಚಿ, ಅತ್ತೆಯನ್ನು ಹೊಗಳಿದ್ದೇ ಹೊಗಳಿದ್ದು. ಬೇಸಿಗೆ ಮುಗಿದು ಕಾಲುವೆಗೆ ನೀರು ಬಿಟ್ಟರು. ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಹೆಂಗಸರು ಹೋದರು, ಕಪ್ಪೆಗಳು ಬಂದವು.

ಮನೆಯಲ್ಲಿ ಅತ್ತೆಯ ಮೈದುನನಿದ್ದ. ಕೆಟ್ಟವನಲ್ಲ, ಎಲ್ಲದಕ್ಕೂ ಒಂದೇ ಪರಿಹಾರ ಅವನಲ್ಲಿತ್ತು, ಅಷ್ಟೇ. “ಅತ್ತಿಗಿ, ನಾಕು ಲಾರಿ ಗರಸು ಮಣ್ಣು ತರಸ್ತೀನಿ. ಮುಚ್ಚಿಬಿಡೂಣು,” ಎಂದ. ಅತ್ತೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಪ್ರಕಾರ ಅದೇ ಉತ್ತರ. ಮಾವ, ಅಂದರೆ ಅತ್ತೆಯ ಗಂಡ, ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರು ದಿನಕ್ಕೆ ಆಡುವ ಮಾತುಗಳನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಿ ಇನ್ನೂ ಜಾಗ ಉಳಿಸಬಹುದಿತ್ತು.

ನೆಲಮಾಳಿಗೆಯ ರೋಗಕ್ಕೆ ಸಿಕ್ಕ ಮೊದಲ ವೈದ್ಯ ಹೊಸಪೇಟೆಯ ಸಿಮೆಂಟ್ ಅಂಗಡಿಯವ. ಸಿಮೆಂಟಿಗೆ ಕಲಸಲು ಒಂದು ಪುಡಿ ಕೊಟ್ಟ. ಮೇಸ್ತ್ರಿ ಒಳಗೋಡೆಗೆ ಅದನ್ನು ಎಷ್ಟು ನುಣ್ಣಗೆ ಬಳಿದನೆಂದರೆ ಅತ್ತೆ ಅಲ್ಲಿ ನಿಂತು ತಲೆ ಬಾಚಿಕೊಳ್ಳಬಹುದಿತ್ತು. ಮುಂದಿನ ಸಲ ಕಾಲುವೆ ಬಂದಾಗ ಬಳಿದ ಗಿಲಾವು ಪೂರಿಯಂತೆ ಉಬ್ಬಿತು. ಅತ್ತೆ ಮೇಸ್ತ್ರಿಯನ್ನು ಕರೆಸಿ, ಉಬ್ಬಿದ ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಒಳಗಿನ ನೀರು ಚಿಳ್ಳೆಂದು ಹಾರಿ ಅವನ ಮೀಸೆಗೆ ಬಿತ್ತು.

ಮೇಸ್ತ್ರಿ ಮುಖ ಒರೆಸಿಕೊಂಡು, “ಅಕ್ಕಾರ, ಇದು ನನ್ ತಪ್ಪಲ್ರಿ. ಸಿಮೆಂಟಿಂದು,” ಎಂದ.

“ಹಂಗಾದ್ರ ನೀ ಸರಕೋ. ಅದಕ್ಕ ಬೈತೀನಿ,” ಎಂದಳು ಅತ್ತೆ. ಬೈದಳು ಕೂಡ.

ಎರಡನೆಯ ವೈದ್ಯ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ ದೂರದ ನೆಂಟ. “ಡಾಂಬರ್ ಹೊಡೀರಿ. ನೀರಿನ ಅಪ್ಪ ಬಂದ್ರೂ ಒಳಗ ಬರಂಗಿಲ್ಲ,” ಎಂದು ಒಂದು ಡ್ರಮ್ಮು ಕಳಿಸಿಕೊಟ್ಟ. ಒಳಗೋಡೆಗೆ ಡಾಂಬರು ಬಳಿಸಿದ ಮೇಲೆ ಒಂದು ತಿಂಗಳು ನಮ್ಮ ಮನೆಯ ಸಾರಿಗೂ ರಸ್ತೆಯ ವಾಸನೆ. ಕಾಲುವೆ ಬಿಟ್ಟಾಗ ನೀರಿನ ಅಪ್ಪನೇ ಬಂದನೋ ಏನೋ, ಡಾಂಬರು ಹಳೆಯ ಚಪ್ಪಲಿಯ ಅಟ್ಟೆಯಂತೆ ಪದರ ಪದರವಾಗಿ ಕಳಚಿ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಕೈ ಚೆಲ್ಲುತ್ತಿದ್ದರು. ನಮ್ಮ ಅತ್ತೆ ಏನು ಮಾಡಿದಳು ಗೊತ್ತೇ? ಕಣಕ ಕಲಸಿದಳು. ಸ್ಟೀಲಿನ ತಟ್ಟೆಯೊಂದನ್ನು ನೆಲಮಾಳಿಗೆಯ ಗೋಡೆಗೆ ಬೋರಲಾಗಿ ಒತ್ತಿ, ಸುತ್ತಲೂ ಗಾಳಿಯಾಡದಂತೆ ಕಣಕ ಮೆತ್ತಿದಳು. ಸಾಲದೆಂದು ಇನ್ನೂ ಮೂರು ಗೋಡೆಗೆ ಮೂರು ತಟ್ಟೆ. ಮಧ್ಯಾಹ್ನ ಮೈದುನ ಊಟಕ್ಕೆ ಬಂದು ಕುಳಿತರೆ ಮುಂದೆ ಬಾಳೆಲೆ.

“ಏನ್ ಹಬ್ಬ ಇವತ್ತು? ತಾಟು ಎಲ್ಲಿ ಹೋದ್ವು?”

“ಗ್ವಾಡಿ ಉಣ್ಣಾಕತ್ತಾವು,” ಎಂದಳು ಅತ್ತೆ.

ಅವನು ಅಣ್ಣನ ಮುಖ ನೋಡಿದ. ಮಾವ ಸಾರು ಕಲಸುತ್ತಿದ್ದರು.

ನಾಲ್ಕು ದಿನ ಬಿಟ್ಟು ಅತ್ತೆ ನನ್ನನ್ನು ಕರೆದೊಯ್ದು ತಟ್ಟೆ ಕಿತ್ತು ತೋರಿಸಿದಳು. ನಮ್ಮ ಕಡೆಗಿದ್ದ ಮೈ ಒಣಗಿತ್ತು. ಗೋಡೆಯ ಕಡೆಗಿದ್ದ ಮೈಯಲ್ಲಿ ನೀರಿನ ಹನಿ. “ನೋಡವ್ವಾ, ಇದು ಗಾಳಿಯಾಗಿನ ತಂಪು ಅಲ್ಲ. ಗ್ವಾಡಿ ಹಿಂದಿಂದ ಬರಾಕತ್ತೈತಿ,” ಎಂದಳು. ಬಾಗಿಲ ಪಕ್ಕ ಇದ್ದಿಲಿನಿಂದ ಎಳೆದ ಗೆರೆಗಳನ್ನೂ ಆಗಲೇ ತೋರಿಸಿದ್ದು. ಮಳೆ ಬಂದ ದಿನಕ್ಕೊಂದು ಗೆರೆ, ಕಾಲುವೆ ಬಿಟ್ಟ ದಿನಕ್ಕೊಂದು, ಗೋಡೆ ಒದ್ದೆಯಾದ ದಿನಕ್ಕೊಂದು. ದೊಡ್ಡ ಮಳೆಗೂ ಗೋಡೆ ಜಗ್ಗಿರಲಿಲ್ಲ. ಕಾಲುವೆ ಬಿಟ್ಟ ಒಂಬತ್ತನೆಯ ದಿನಕ್ಕೆ ಮಾತ್ರ ಪ್ರತಿ ವರ್ಷವೂ ತಪ್ಪದೆ ಬೆವರಿತ್ತು. ಹೊರಗಿನ ಮಣ್ಣಲ್ಲಿ ಏರಿದ ನೀರು ಒಳಕ್ಕೆ ದಬ್ಬುವಾಗ, ಒಳಗೆ ಏನು ಬಳಿದರೂ ಅದನ್ನೂ ದಬ್ಬಿ ಬೀಳಿಸುತ್ತದೆ. ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವಳು ನಾನು. ಇದು ನನಗೇಕೆ ಹೊಳೆಯಲಿಲ್ಲ ಎಂದು ದಯವಿಟ್ಟು ಕೇಳಬೇಡಿ.

ರೋಗ ತಿಳಿಯಿತು, ಮದ್ದು? ಒಂದು ಭಾನುವಾರ ನನ್ನನ್ನು ಬಸ್ಸು ಹತ್ತಿಸಿ ಮಲಪನಗುಡಿಗೆ ಕರೆದುಕೊಂಡು ಹೋದಳು. ಅಲ್ಲಿನ ಹಳೆಯ ಬಾವಿಯ ಮೆಟ್ಟಿಲ ಮೇಲೆ ಒಂದು ತಾಸು ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲಿನ ಸಂದುಗಳನ್ನೇ ದಿಟ್ಟಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬನಿಗೆ ಗಾಬರಿಯಾಯಿತು. ಮೆಲ್ಲಗೆ ಹತ್ತಿರ ಬಂದು ಕೇಳಿದ: “ತಾಯಿ, ಮನ್ಯಾಗ ಏನರ ತ್ರಾಸು ಐತೇನು?”

“ಐತಿ ಯಜ್ಜಾ. ಮನ್ಯಾಗ ನೀರು ಬರಾಕತ್ತಾವು.”

ಅಜ್ಜ ಬಾವಿಯೊಳಕ್ಕೊಮ್ಮೆ ಇಣುಕಿದ. “ಮಂದಿ ನೀರು ಬರವಲ್ವು ಅಂತ ಅಳ್ತಾರ. ನೀ ಬಂದಾವು ಅಂತ ಬಾವಿಗೆ ಬೀಳಾಕ ಬಂದೀಯಲ್ಲವ್ವಾ,” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದಳು: “ಆ ಗ್ವಾಡಿಗಿ ಗಾರಿ ಇಲ್ಲ, ಡಾಂಬರ್ ಇಲ್ಲ. ಸಂದಿನಾಗ ನೀರು ಬರ್ತಾವು, ಹೋಗ್ತಾವು, ಒಂದು ಕಲ್ಲು ಅಲುಗಿಲ್ಲ. ನಾವು ಅದನ್ನ ನಿಂದರಸಾಕ ಹೋದ್ವಿ, ಅದಕ್ಕ ಸಿಟ್ಟು ಬಂತು. ಬ್ಯಾರೆ ದಾರಿ ತೋರಸಬೇಕು.”

ಆ ದಾರಿ ಹೀಗಿತ್ತು: ಮನೆಯ ನಾಲ್ಕೂ ಕಡೆ, ನೆಲಮಾಳಿಗೆಯ ನೆಲಕ್ಕಿಂತ ಒಂದು ಮೊಳ ಆಳಕ್ಕೆ ಕಾಲುವೆಯಂತೆ ತೋಡಬೇಕು. ಡಾಂಬರನ್ನು ಗೋಡೆಯ ಹೊರಮೈಗೆ ಬಳಿಯಬೇಕು. ಆಗ ನೀರು ಅದನ್ನು ಗೋಡೆಗೇ ಒತ್ತುತ್ತದೆ, ಕೀಳುವುದಿಲ್ಲ. ತಳಕ್ಕೆ ಮಣ್ಣಿನ ಕೊಳವೆಗಳನ್ನು ಸಡಿಲವಾಗಿ ಜೋಡಿಸಿ, ಜಲ್ಲಿ, ಮರಳು ತುಂಬಿ, ಬಂದ ನೀರನ್ನೆಲ್ಲ ಹಿತ್ತಲಿನ ತಗ್ಗಿನಲ್ಲಿದ್ದ ಬಾಳೆತೋಟಕ್ಕೆ ಇಳಿಸಬೇಕು. ಬೇಸಿಗೆಯಲ್ಲಿ ಕಾಲುವೆ ಬಂದ್ ಇದ್ದಾಗಲೇ ಇದೆಲ್ಲ ಆಗಬೇಕು.

ಮೈದುನ ಈ ಸಲ ರೊಟ್ಟಿಗೆ ಬಗ್ಗಲಿಲ್ಲ. “ಮೂರು ವರ್ಷ ಸುಮ್ನಿದ್ದೆ. ಮನಿ ಸುತ್ತ ತೋಡಿದ್ರ ಗ್ವಾಡಿ ಕುಸೀತಾವು. ಇದೊಂದ ಸಲ, ಅತ್ತಿಗಿ. ಈ ಸಲಾನೂ ಒದ್ದಿ ಆದ್ರ ಗರಸು ಹಾಕೂದ.”

“ಆತು,” ಎಂದಳು ಅತ್ತೆ. “ಒದ್ದಿ ಆದ್ರ ಮೊದಲನೇ ಬುಟ್ಟಿ ನಾನ ಹಾಕ್ತೀನಿ.”

ಒಮ್ಮೆಗೇ ತೋಡದೆ, ಒಂದು ಗೋಡೆ ಮುಗಿಸಿ ಮುಚ್ಚಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿಸಿದಳು. ಬಿಸಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂಬಿಗೆಯಿಂದ ನೀರು ಸುರಿದು, ಕೊಳವೆ ಸರಿಯಾಗಿ ಇಳಿಜಾರಾಗಿದೆಯೇ ಎಂದು ತಾನೇ ಗುಂಡಿಗಿಳಿದು ನೋಡುತ್ತಿದ್ದಳು. ಹಂಪಿ ನೋಡಲು ಬಂದು ದಾರಿ ತಪ್ಪಿದ ಬಿಳಿ ಮನುಷ್ಯನೊಬ್ಬ ಸೈಕಲ್ ನಿಲ್ಲಿಸಿ, ಗುಂಡಿಯ ಅಂಚಿನಲ್ಲಿ ನಿಂತು ಭಕ್ತಿಯಿಂದ ನಾಲ್ಕು ಫೋಟೋ ತೆಗೆದ. ಅವನ ಮಾತನ್ನು ಅತ್ತೆಗೆ ನಾನೇ ತಿಳಿಸಬೇಕಾಯಿತು.

“ಅತ್ತಿ, ಇದು ಯಾವ ರಾಜನ ಅರಮನಿ ಅಂತ ಕೇಳಾಕತ್ತಾನ.”

ಅತ್ತೆ ಗುಂಡಿಯೊಳಗಿಂದಲೇ, “ನಮ್ಮ ಮನಿಯವರದು ಅನ್ನು,” ಎಂದಳು. ನಾನು ಹಾಗೆಯೇ ಹೇಳಿದೆ. ಆ ಹೊತ್ತಿಗೆ ಮಾವ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಅವರದೂ ಒಂದು ಫೋಟೋ ಆಯಿತು.

ಕೆಲಸ ಮುಗಿಯಿತು. ಮೇಲೆ ಮಣ್ಣು ಮುಚ್ಚಿದ ನಾಲ್ಕನೆಯ ದಿನಕ್ಕೆ ಕಾಲುವೆ ಬಂತು. ಅತ್ತೆ ಎಂದಿನಂತೆ ಮಾತಾಡಿದಳು, ಎಂದಿನಂತೆ ಬೈದಳು. ನೆಲಮಾಳಿಗೆಯ ಬಾಗಿಲನ್ನು ಮಾತ್ರ ತೆಗೆಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ಕೈಗೆ ಕೀಲಿ ಕೊಟ್ಟು, “ನೀ ಇಳದು ನೋಡಿ ಬಾರವ್ವಾ. ನನ್ ಕಾಲು ಇಳಿವಲ್ವು,” ಎಂದಳು. ತುಂಗಭದ್ರೆಗೇ ಅಡ್ಡ ನಿಂತವಳು ಬಾಗಿಲಿಗೆ ಬೆನ್ನು ತಿರುಗಿಸಿ, ಆಗಲೇ ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸಲು ಹೋದಳು.

ಇಳಿದೆ. ನಾಲ್ಕೂ ಗೋಡೆ ಮುಟ್ಟಿದೆ. ನೆಲಕ್ಕೆ ಕೆನ್ನೆ ಇಟ್ಟು ನೋಡಿದೆ. ಬಂಡೆಯ ಧೂಳು ಕೆನ್ನೆಗೆ ಅಂಟಿತು. ಒಣ ಧೂಳು. ಕೂಗಿ ಹೇಳುವ ಬದಲು ಗೋಡೆಗಳನ್ನು ಮತ್ತೊಂದು ಸುತ್ತು ಮುಟ್ಟತೊಡಗಿದೆ. ನಾನು ಮೇಲೆ ಬಾರದ್ದು ಕಂಡು ಅತ್ತೆ ತಾನೇ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡಿದಳು. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

ಮಾವ ಬಂದು ಪಕ್ಕದಲ್ಲಿ ಕುಳಿತರು. “ಒದ್ದಿ ಆಗಿದ್ರೂ ಮುಚ್ಚಾಕ ಬಿಡ್ತಿದ್ದಿಲ್ಲ,” ಎಂದರು. “ಗುಂಡಿ ತೋಡೂ ಮೊದ್ಲ ತಮ್ಮಗ ಹೇಳೇನಿ.”

ಅತ್ತೆ ಅವರತ್ತ ತಿರುಗಿದಳು. “ನನಗ ಹೇಳಿದ್ರ ಏನಾಗ್ತಿತ್ತು? ಒಂಬತ್ತು ದಿನ ಆತು ನಾ ಕಣ್ಣು ಮುಚ್ಚಿಲ್ಲ.”

“ನೀ ಸೋಲೂದಿಲ್ಲ ಅಂತ ಗೊತ್ತಿತ್ತು. ಅದಕ್ಕ ಹೇಳ್ಲಿಲ್ಲ.”

ಅವಳ ತಲೆ ಮೆಲ್ಲಗೆ ಮಾವನ ಹೆಗಲಿಗೆ ವಾಲಿತು. ಕುಳಿತಲ್ಲೇ ನಿದ್ದೆ ಹೋದಳು. ಶಾಲೆಗೆ ಹೊತ್ತಾಯಿತೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ತುಟಿಯ ಮೇಲೆ ಬೆರಳಿಟ್ಟರು. ಸಂಜೆ ಮೈದುನ ಹೇಳಿದ: ಮಧ್ಯಾಹ್ನ ಊಟಕ್ಕೆ ಕರೆಯಲು ಇಳಿದು ನೋಡಿದಾಗಲೂ ಅಣ್ಣ ಹೆಗಲು ಅಲುಗಿಸದೆ ಹಾಗೆಯೇ ಕುಳಿತಿದ್ದನಂತೆ.